ಯಾರೂ ನೋಡದ ಪರದೆ

ಶಿರಸಿಯ ಅಡಿಕೆ ಸೊಸೈಟಿಯೊಂದರ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಸೌಮ್ಯ, ವ್ಯಾಪಾರಿಗಳು ಅಡಿಕೆಗೆ ಬೆಲೆ ಕೂಗುವ ಟೆಂಡರಿಗೆಂದೇ ಅಲ್ಲಿನ ಸರ್ವರಿನೊಳಗೆ ಒಂದು ವರ್ಚುವಲ್ ಕಂಪ್ಯೂಟರ್, ಅಂದರೆ ಬರೀ ಸಾಫ್ಟ್‌ವೇರಿನ ಕಂಪ್ಯೂಟರ್, ಕಟ್ಟಿದ್ದಳು. ಅದಕ್ಕೂ, ಹೆಸರಿಗಾದರೂ, ಪರದೆಗೆ ಚಿತ್ರ ಕಳಿಸುವ ಒಂದು ಡಿಸ್‌ಪ್ಲೇ ಕಾರ್ಡು ಆರಿಸಬೇಕಿತ್ತು. ಎಲ್ಲಕ್ಕಿಂತ ಹಗುರವಾದ ಸಾದಾ ವಿಜಿಎ ಆರಿಸಿದಳು.

"ಯಲ್ಲಾಪುರದ ಸೊಸೈಟಿಯವ್ರು ತ್ರೀಡಿ ಕಾರ್ಡು ಹಾಕ್ಯಾರಂತ. ನಮಗೂ ಅದ ಬೇಕು," ಎಂದ ಅಧ್ಯಕ್ಷ ದ್ಯಾಮಪ್ಪ.

"ಸರ್, ಅದರ ಪರದೆ ಯಾರೂ ನೋಡೂದಿಲ್ಲ. ಸರ್ವರಿಗೆ ಸುಮ್ನೆ ಭಾರ."

"ಹೇಳಿದಷ್ಟ ಮಾಡವ್ವಾ."

ಮಾಡಿದಳು. ಮರುದಿನ ಬೆಳಿಗ್ಗೆ ಟೆಂಡರಿನ ನಡುವೆಯೇ ಆ ಭಾರಕ್ಕೆ ಸರ್ವರು ಮಕಾಡೆ ಮಲಗಿತು. ವ್ಯಾಪಾರಿಗಳು ಬಾಯಿಗೆ ಬಂದಂತೆ ಬೈದದ್ದು ಅವಳನ್ನೇ. ದ್ಯಾಮಪ್ಪನಿಗೆ ತಿಳಿಸದೆ ವಿಜಿಎಗೆ ಮರಳಿಸಿದಳು. ಟೆಂಡರು ಸುಸೂತ್ರವಾಗಿ ಮುಗಿಯಿತು.

ಸಂಜೆ ದ್ಯಾಮಪ್ಪ ಗೋಡೆಗೆ ಆಳೆತ್ತರದ ಟಿವಿ ಹಾಕಿಸಿ, ತ್ರೀಡಿಯ ಉದ್ಘಾಟನೆಯೆಂದು ಹಾರ ತೊಡಿಸಿದ. ಅದಕ್ಕೆ ಚಿತ್ರ ತರಬೇಕಾದ ಕೇಬಲ್ಲು ಯಾವುದಕ್ಕೂ ಸಿಕ್ಕಿಸದೆ ಜೋತಾಡುತ್ತಿತ್ತು. ಪರದೆಯ ಮೇಲೆ "ನೋ ಸಿಗ್ನಲ್" ತೇಲಾಡುತ್ತಿತ್ತು.

"ನೋಡ್ರಿ, ಎಷ್ಟ ಸ್ವಚ್ಛ ಕಾಣ್ತೈತಿ!" ಎಂದ ದ್ಯಾಮಪ್ಪ.

ಬೆಳಿಗ್ಗೆ ಬೈದ ವ್ಯಾಪಾರಿಗಳೇ ಎದ್ದು ನಿಂತು ಚಪ್ಪಾಳೆ ತಟ್ಟಿದರು.