ರುಚಿ ನೋಡುವ ಕುರ್ಚಿ

"ಹೊಟ್ಟೆಯಲ್ಲಿರೋ ಕೂಸೇನು ಸೋಡಾ ಗುಳ್ಳೆ ಕುಡಿದು ಬೆಳೆಯುತ್ತಾ?" ಅಡುಗೆಮನೆಯ ಗೋಡೆ ನೋಡುತ್ತ ಅತ್ತೆ ಕೇಳಿದರು. ಪಕ್ಕದ ಕೋಣೆಯಲ್ಲಿ ಸೊಸೆ ಚಪ್ಪಲಿ ಹುಡುಕುತ್ತಿದ್ದಳು.

ಸೊಸೆಗೆ ತಂಪು ಪಾನೀಯದ ಕಾರ್ಖಾನೆಯಲ್ಲಿ ಕೆಲಸ. ಹೊಸದಾಗಿ ತಯಾರಾದದ್ದನ್ನು ಬಾಯಿಗೆ ಹಾಕಿ, ನಾಲಿಗೆಯ ಮೇಲೆ ಆಡಿಸಿ, ಬೋಗುಣಿಗೆ ಉಗಿದು, ಸಿಹಿ ಹೆಚ್ಚೋ ಗ್ಯಾಸು ಕಡಿಮೆಯೋ ಹೇಳಬೇಕು. ಅವಳು ತಲೆಯಾಡಿಸದೆ ಒಂದು ಬಾಟಲಿಯೂ ಹೊರಗೆ ಹೋಗುವಂತಿಲ್ಲ. ರುಚಿ ನೋಡುವ ಆ ಕುರ್ಚಿಗಾಗಿ, ನಾಲಿಗೆ ಮಂದವಾಗದಿರಲೆಂದು ಖಾರ ಬಿಟ್ಟಿದ್ದಳು, ಕಾಫಿಯನ್ನೂ ಬಿಟ್ಟಿದ್ದಳು. ಈಗ ಬಸುರಿ. ರಕ್ತದಲ್ಲಿ ಸಕ್ಕರೆ ಏರಿದೆ, ಆ ಪಾನೀಯ ಗಂಟಲಿಗಿಳಿಯಕೂಡದು ಎಂದರು ಡಾಕ್ಟರಮ್ಮ. ಉಗಿಯುವುದಾದರೆ ಅಡ್ಡಿಯಿಲ್ಲವಂತೆ. ಆದರೆ ಬಯಕೆ ಯಾರ ಮಾತು ಕೇಳುತ್ತದೆ? ಉಗಿಯುವ ಹೊತ್ತಿಗೆ ಸರಿಯಾಗಿ ಒಂದು ಗುಟುಕು ಒಳಗೆ ಜಾರಿಬಿಡುತ್ತಿತ್ತು. ಅದನ್ನು ಮನೆಯಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯಿತು.

ಉಗಿಯುತ್ತಾಳೋ ಇಲ್ಲವೋ ತಾನೇ ನೋಡುತ್ತೇನೆಂದು ಅತ್ತೆ ಜೊತೆಗೇ ಹೊರಟರು. ಹಿರಿಯರೆಂದು ಮಾಲೀಕರು ಸ್ಟೂಲು ಹಾಕಿಸಿದರು.

ಮೊದಮೊದಲು ಅತ್ತೆ ಸೊಸೆಯ ಗಂಟಲಿನಿಂದ ಕಣ್ಣು ಕೀಳಲಿಲ್ಲ. ಆಮೇಲೆ ಕಣ್ಣು ಲೋಟಗಳತ್ತ ಹೊರಳಿತು. ಒಂದು ಗುಟುಕು ಬಿಟ್ಟು ಮಿಕ್ಕದ್ದೆಲ್ಲ ಮೋರಿಗೆ. ಚೆಲ್ಲಿದ ಹಾಲನ್ನೂ ಬೆರಳಲ್ಲಿ ಬಳಿದುಕೊಳ್ಳುವ ಜೀವ, ಹೇಗೆ ಸಹಿಸೀತು? ಕುಡಿದರು. ತೇಗಿದರು. ದೇವರ ಹೆಸರು ಹೇಳಿ ಮತ್ತೊಂದು ಲೋಟ ಎತ್ತಿದರು. ಬಸುರಿಗೆ ತಟ್ಟಬೇಕಾದ ಕೇಡನ್ನು ತಾನು ನುಂಗಿಕೊಳ್ಳುತ್ತಿದ್ದೇನೆ ಎಂದು ಮಗನಿಗೆ ವಿವರಿಸಿದರು.

ತಿಂಗಳು ತುಂಬುತ್ತ ಬಂದಂತೆ ಸೊಸೆಯ ನಾಲಿಗೆಗೆ ಎಲ್ಲವೂ ತುಕ್ಕು ಹಿಡಿದ ಹಾಗೆ ಕಂಡಿತು. ಒಂದು ಮಧ್ಯಾಹ್ನ ಅವಳು ತಲೆಯಾಡಿಸಿದ ಲೋಟಕ್ಕೆ ಅತ್ತೆ ಮೂಗು ಮುರಿದರು. ನಿಂಬೆ ಸತ್ತಿದೆ ಎಂದರು. ಮೇಸ್ತ್ರಿ ನಕ್ಕ. ಹೋಗಿ ನಿಂಬೆರಸದ ಪೀಪಾಯಿ ನೋಡಿಬಂದವನು ನಗಲಿಲ್ಲ. ಸೊಸೆ ಹೆರಿಗೆಗೆ ಹೋದಾಗ ಮಾಲೀಕರು ಬೇರೆಯವರನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಅತ್ತೆ ಸ್ಟೂಲಿನಿಂದ ಕುರ್ಚಿಗೆ ಜರುಗಿದರು, ಅಷ್ಟೆ.

ಹೆಣ್ಣು ಮಗು, ಗುಂಡುಗುಂಡಗೆ. ಸಕ್ಕರೆಯೂ ಇಳಿಯಿತು. ರಜೆ ಮುಗಿಯುತ್ತಲೇ ಸೊಸೆ ತನ್ನ ಕುರ್ಚಿ ಮತ್ತೆ ಕೊಡಿರೆಂದು ಮಾಲೀಕರನ್ನು ಕೇಳಿದಳು. ಅತ್ತೆ ಸೊಸೆಯ ನಡುವೆ ತಾನು ಬರುವುದಿಲ್ಲ, ಮನೆಯಲ್ಲೇ ಮಾತಾಡಿಕೊಳ್ಳಿ ಎಂದರವರು.

ಬೆಳಿಗ್ಗೆ ಅತ್ತೆ ಊಟದ ಡಬ್ಬಿ ತುಂಬಿಕೊಳ್ಳುತ್ತಿದ್ದರು. ಅದರಲ್ಲಿ ಖಾರವಿರಲಿಲ್ಲ. ಸೊಸೆ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು.

"ಅತ್ತೆ, ನಾಳೆಯಿಂದ ನಾನು ಹೋಗ್ತೀನಿ. ಆ ಕುರ್ಚಿ ನಂಗೆ ಬಿಟ್ಕೊಡಿ. ಮಗೂನ ನೀವು ನೋಡ್ಕೊಳ್ಳಿ."

ಅತ್ತೆ ಡಬ್ಬಿಯ ಮುಚ್ಚಳ ಒತ್ತಿದರು.

"ಹಾಲೂಡಿಸೋಳು ಕಣೇ ನೀನು, ಅದನ್ನೆಲ್ಲ ಬಾಯಿಗೆ ಹಾಕ್ಕೋಬಾರದು. ಬಿಟ್ಕೊಡಲ್ಲ."