ದಪ್ಪ ಎಣ್ಣೆಯ ಮನೆ

ಚಟ್ಟದ ಬಿದಿರನ್ನು ಬಿಗಿಹಿಡಿದಿದ್ದ ಮಿಲನನ ಬೆರಳುಗಳನ್ನು ಇಬ್ಬರು ಗಂಡಸರು ಬಿಡಿಸುತ್ತಿದ್ದರು. ಒಂದು ಕೈ ಬಿಡಿಸುವಷ್ಟರಲ್ಲಿ ಇನ್ನೊಂದು ಹೋಗಿ ಹಿಡಿದುಕೊಳ್ಳುತ್ತಿತ್ತು. ಇಪ್ಪತ್ತಾರರ ಆಳು, ಮೈತುಂಬ ಕಸುವು, ಬಾಯಲ್ಲಿ ಮಾತಿಲ್ಲ. ಗಂಟಲಿನಿಂದ ಒಂದೇ ಸಮನೆ ನರಳಿಕೆ ಬರುತ್ತಿತ್ತು. ಆ ಎಳೆದಾಟಕ್ಕೆ ಚಟ್ಟದ ಮೇಲಿದ್ದ ಸಣ್ಣಸ್ವಾಮಿಯ ಕೊರಳ ಸೇವಂತಿಗೆ ಹಾರ ಪಕ್ಕಕ್ಕೆ ಸರಿದಿತ್ತು.

"ರೂಮಿಗೆ ಹಾಕಿ ಚಿಲಕ ಹಾಕ್ರೋ, ಹೊತ್ತಾಯ್ತದೆ," ಎಂದ ಅಶ್ವಥ್. ತೀರಿಕೊಂಡವನ ತಮ್ಮ ಅವನು.

ಬಾಗಿಲ ಚೌಕಟ್ಟು ಹಿಡಿದು ರಂಗಮ್ಮ ಹೊರಗೆ ಬಂದಳು. "ಚಿಲಕ ಬೇಡ ಅಶ್ವಥ್. ಸಾಕಿದವ್ರು ಹೋಯ್ತಾ ಅವ್ರೆ, ಅವ್ನೂ ಹೋಗ್ಲಿ."

"ಅಲ್ಲಿ ಅವ್ನನ್ನ ಹಿಡ್ಕೊಳೋರು ಯಾರು ಅತ್ತಿಗೆ?"

"ಕವನಾ ಹೋಯ್ತಳೆ."

ಹೆಣ್ಣುಮಕ್ಕಳು ಸುಡುವ ಜಾಗಕ್ಕೆ ಹೋಗುವ ರೂಢಿ ಆ ಮನೆತನದಲ್ಲಿ ಇರಲಿಲ್ಲ. ಆದರೂ ಗಂಡ ಸತ್ತ ದಿನ ಅವಳ ಮಾತಿಗೆ ಎದುರಾಡಲು ಯಾರಿಗೂ ಬಾಯಿ ಬರಲಿಲ್ಲ.

ಹಾಸನದ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಕವನಾ ಬೆಳಿಗ್ಗೆ ಬಸ್ಸಿಳಿದು ಬಂದಿದ್ದಳು. ಈವರೆಗೂ ಅತ್ತಿರಲಿಲ್ಲ. ಮಿಲನನ ಅಂಗೈಯ ನಡುವೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಅಪ್ಪ ಹಾಗೆ ಮಾಡುವುದನ್ನು ರಜೆಗೆ ಬಂದಾಗಲೆಲ್ಲ ನೋಡಿದ್ದಳು. ತಾನೇ ಮಾಡಿದ್ದು ಇದೇ ಮೊದಲು. ಬಿದಿರು ಹಿಡಿದ ಕೈ ಸಡಿಲವಾಯಿತು.

ಅಂಗಳದಲ್ಲಿ ಪಕ್ಕದ ಮನೆಯ ರಾಮಮ್ಮ ಯಾರಿಗೋ ಹೇಳುತ್ತಿದ್ದಳು. "ರಂಗಮ್ಮಂಗೆ ಸೊಂಟ ಬಿದ್ದೋಗದೆ. ಇನ್ನು ಈ ಹುಡ್ಗ ಮೂರ್ಛೆ ಬಿದ್ರೆ ಎತ್ತೋರು ಇಳ್ಸೋರು ಯಾರು? ಮೈಸೂರ್ ಕಡೆ ಒಂದು ಆಶ್ರಮಕ್ಕೆ ಅಶ್ವಥ್ ಫೋನ್ ಮಾಡವ್ನಂತೆ. ಸಾಯಂಕಾಲ ಗಾಡಿ ಬತ್ತದಂತೆ."

*

ಸಣ್ಣಸ್ವಾಮಿ ಎಣ್ಣೆ ಹಡಗಿನಲ್ಲಿ ಪಂಪ್‌ಮನ್ ಆಗಿದ್ದ. ಕುಶಾಲನಗರದ ಶುಂಠಿ ಹೊಲದ ನಡುವಿನಿಂದ ಎದ್ದು ಹೋಗಿ, ಕಚ್ಚಾ ಎಣ್ಣೆ ತುಂಬುವ, ಇಳಿಸುವ ಕೆಲಸದಲ್ಲಿ ಲೋಕ ಸುತ್ತಿದವನು. ಅವನ ತಾಯಿ ಲಕ್ವ ಹೊಡೆದು ಬಹಳ ಕಾಲ ಹಾಸಿಗೆ ಹಿಡಿದಿದ್ದಳು. ಅವಳಿಗೆಂದೇ ಬಚ್ಚಲ ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿದ್ದ, ಬಾಗಿಲು ಅಗಲ ಮಾಡಿಸಿದ್ದ. ಮೈಭಾರ ಎತ್ತುವುದು ರಂಗಮ್ಮನ ಕೈಗೆ ಅಭ್ಯಾಸವಾಗಿತ್ತು. ಮುದುಕಿ ಕಣ್ಮುಚ್ಚಿದ ವರ್ಷವೇ ಸಣ್ಣಸ್ವಾಮಿಯ ತಂಗಿ, ಮಿಲನನ ತಾಯಿ, ತೀರಿಕೊಂಡಳು. ಅವಳ ಗಂಡ ನವೀನ್ ಇನ್ನೊಂದು ಮದುವೆಯಾದ. ಬಂದವಳು ಮಾತು ಬಾರದ, ಮೂರ್ಛೆ ಬೀಳುವ ಮಿಲನನನ್ನು ಒಲ್ಲೆ ಎಂದಳು. ಸಣ್ಣಸ್ವಾಮಿ ಅವನನ್ನು ಮನೆಗೆ ಕರೆತಂದ. ಅದೇ ಜೂನ್‌ನಲ್ಲಿ ಹತ್ತು ವರ್ಷದ ಕವನಾಳನ್ನು ಓದಲೆಂದು ಮೈಸೂರಿನ ಹಾಸ್ಟೆಲಿಗೆ ಬಿಟ್ಟುಬಂದ.

ಹತ್ತನೇ ತರಗತಿ ಮುಗಿದ ರಜೆಯಲ್ಲಿ ಅವಳು ಕೇಳಿಯೇಬಿಟ್ಟಳು. "ನನ್ನನ್ನ ಹೊರಗೆ ಕಳ್ಸಿ ಅವ್ನನ್ನ ಯಾಕೆ ತಂದೆ ಅಪ್ಪ?"

ಮಿಲನನಿಗೆ ಗಡ್ಡ ಹೆರೆಯುತ್ತಿದ್ದ ಸಣ್ಣಸ್ವಾಮಿ ಬ್ಲೇಡು ಕೆಳಗಿಟ್ಟ.

"ಹೋದ್ಸಲ ನಮ್ಮ ಹಡಗು ಅಮೇರಿಕದ ಒಂದು ಬಂದರಿಗೆ ದಪ್ಪ ಎಣ್ಣೆ ತಗೊಂಡೋಯ್ತು. ಬೆಲ್ಲದ ಪಾಕದಂಗಿರ್ತದೆ, ಉಗಿ ಬಿಟ್ಟು ಕಾಯಿಸ್ದೆ ಪಂಪಿಗೆ ಹತ್ತಲ್ಲ. ಅದನ್ನ ಇಳ್ಸಿ, ಅದೇ ಬಂದರಲ್ಲಿ ತೆಳು ಎಣ್ಣೆ ತುಂಬ್ಕೊಂಡು ಬೇರೆ ದೇಶಕ್ಕೆ ಹೊಂಟ್ವಿ."

"ಅವ್ರದೇ ಒಳ್ಳೇ ಎಣ್ಣೆ ಇಟ್ಕೊಂಡು ಅದನ್ಯಾಕೆ ತರಿಸ್ತಾರೆ?"

"ಅವ್ರ ನೆಲದಲ್ಲಿ ಇಷ್ಟೊಂದು ತೆಳು ಎಣ್ಣೆ ಸಿಕ್ಕಿದ್ದು ಈಚೆಗೆ. ಎಣ್ಣೆ ಸೋಸೋ ಕಾರ್ಖಾನೆಗಳನ್ನ ಅದಕ್ಕೂ ಮುಂಚೆನೇ ದಪ್ಪ ಎಣ್ಣೆಗೆ ಅಂತ ಕಟ್ಬಿಟ್ಟಿದ್ರು. ದಪ್ಪಂದು ಅಗ್ಗ, ಅದನ್ನ ಅರಗಿಸ್ಕೊಳೋ ಯಂತ್ರ ಎಲ್ಲಾ ಕಡೆ ಇರಲ್ಲ. ತೆಳು ಎಣ್ಣೆನ ಯಾರು ಬೇಕಾದ್ರೂ ಕೈಚಾಚಿ ತಗೋತಾರೆ. ಎಲ್ಲೋದ್ರೂ ಅದಕ್ಕೆ ಬೆಲೆ." ಬಚ್ಚಲ ಹಿಡಿಕೆಯ ಕಡೆ ನೋಡಿದ. "ನಮ್ಮನೆಯೂ ಹಂಗೇ ಕಟ್ಟಿದ ಮನೆ ಮಗ. ಇವ್ನಿಗೆ ಬೇರೆ ಜಾಗ ಇರ್ಲಿಲ್ಲ. ನಿಂಗೆ ಲೋಕಾನೇ ಇತ್ತು."

"ತೆಳು ಎಣ್ಣೆನ ಯಾರಾದ್ರೂ ಒಂದ್ ಮಾತು ಕೇಳಿದ್ರಾ?"

ಸಣ್ಣಸ್ವಾಮಿ ಮಿಲನನ ಗಲ್ಲಕ್ಕೆ ಮತ್ತೆ ಸೋಪು ಹಚ್ಚತೊಡಗಿದ. ಆಮೇಲೆ ಅಪ್ಪ ಮಗಳ ನಡುವೆ ಊಟ, ಹವಾಮಾನ, ಬಸ್ಸಿನ ಮಾತಷ್ಟೇ ಉಳಿಯಿತು. ಹಡಗು ಬಿಟ್ಟು ಅವನು ಮನೆಯಲ್ಲೇ ನಿಂತ ಮೇಲೂ ಅವಳು ಹಬ್ಬಕ್ಕೆ ಬಂದು ಮಾರನೇ ದಿನ ಹೊರಡುತ್ತಿದ್ದಳು.

*

ಕಾವೇರಿಯ ದಂಡೆಯಲ್ಲಿ ಅಶ್ವಥ್ ಬೆಂಕಿ ಇಟ್ಟ. ಉರಿ ಎದ್ದಾಗ ಮಿಲನ ಮುಂದಕ್ಕೆ ನುಗ್ಗಿದ. ಕವನಾ ಅವನ ಸೊಂಟವನ್ನು ಎರಡೂ ತೋಳಲ್ಲಿ ಬಳಸಿ ಹಿಮ್ಮಡಿ ಊರಿ ನಿಂತಳು. ಮರಳಲ್ಲಿ ಇಬ್ಬರೂ ಕುಸಿದು ಕೂತರು.

ದೂರದಲ್ಲಿ ನಿಂತಿದ್ದ ನವೀನ್ ಹತ್ತಿರ ಬಂದ. ಮಗನನ್ನು ನೋಡಿದ, ಮುಟ್ಟಲಿಲ್ಲ.

"ಆಶ್ರಮದ ಖರ್ಚು ನಾನು ಕೊಡ್ತೀನಿ ಅಂತ ಅಶ್ವಥ್‌ಗೆ ಹೇಳಿದೀನಮ್ಮ."

ಕವನಾ ಮಿಲನನ ಕೂದಲಿಗೆ ಅಂಟಿದ ಮರಳು ಕೊಡವಿದಳು.

"ನಿಮ್ಮಪ್ಪ ನಂಗೂ ಆ ಎಣ್ಣೆ ಕತೆ ಹೇಳಿದ್ರು, ಇವ್ನನ್ನ ಕರ್ಕೊಂಡು ಹೋಗಿ ಎಷ್ಟೋ ವರ್ಷ ಆದ್ಮೇಲೆ. ನಿಂಗೂ ಹೇಳಿರ್ಬೇಕು."

"ಹೇಳಿದ್ರು ಮಾವ."

"ಪಂಪಿನ ಸದ್ದಿಂದು ಹೇಳಿದ್ರಾ?"

ಅವಳು ತಲೆ ಎತ್ತಿದಳು.

"ಟ್ಯಾಂಕ್ ಖಾಲಿಯಾಗ್ತಾ ಬಂದಾಗ ಪಂಪು ಎಣ್ಣೆ ಸಿಗ್ದೆ ಬರೀ ಗಾಳಿ ಎಳೀತದಂತೆ. ಒಣಗಂಟಲಲ್ಲಿ ಬಿಕ್ಕಿದಂಗೆ ಸದ್ದು. ಕವನಾನ ಹಾಸ್ಟೆಲಿಗೆ ಬಿಟ್ಬಂದ ವರ್ಷ ಮನೇಲಿ ಕೂತ್ರೂ ಅದೇ ಸದ್ದು ಕೇಳ್ತಿತ್ತು ನವೀನ, ಅಂದ್ರು. ಮಗಳಿಗೆ ಹೇಳಿ ಅಂದೆ. ಅವ್ಳು ಓದ್ಲಿ, ಇದನ್ನ ಕೇಳುದ್ರೆ ಬ್ಯಾಗ್ ತಗೊಂಡು ವಾಪಸ್ ಬಂದ್ಬಿಡ್ತಾಳೆ ಅಂದ್ರು."

ಕವನಾಳ ಮುಖ ಹಿಂಡಿಕೊಂಡಿತು. ಸದ್ದಿಲ್ಲದೆ ಅತ್ತಳು. ನವೀನ್ ದಾರಿಯ ಕಡೆ ನಡೆದ.

ನೆರಳು ಉದ್ದವಾಗುವ ಹೊತ್ತಿಗೆ ಜನ ಹೊಳೆಯಲ್ಲಿ ಮುಳುಗೆದ್ದು ಜೀಪು ಹತ್ತಿದರು. ಒದ್ದೆ ಪಂಚೆಯಲ್ಲೇ ಅಶ್ವಥ್ ಬಂದ.

"ಏಳು ಮಗ. ಆಶ್ರಮದ ಗಾಡಿ ಮನೆ ಮುಂದೆ ಬಂದು ನಿಂತದಂತೆ."

"ವಾಪಸ್ ಕಳ್ಸಿ ಚಿಕ್ಕಪ್ಪ."

"ನಿನ್ ಕೆಲ್ಸ? ನಿನ್ ಕೈಲಿ ಆಗೋದಾ ಇದು?"

"ಗೊತ್ತಿಲ್ಲ. ಇವತ್ತಂತೂ ಕಳ್ಸಲ್ಲ."

ಅಶ್ವಥ್ ಪಂಚೆಯ ಅಂಚು ಹಿಂಡಿಕೊಂಡು ಹೋದ. ಜೀಪಿನ ಸದ್ದು ಏರು ಹತ್ತಿ ಮರೆಯಾಯಿತು. ಅತ್ತು ಸುಸ್ತಾಗಿದ್ದ ಮಿಲನ ಕೂತಲ್ಲೇ ತೂಕಡಿಸಿ, ತಲೆ, ಭುಜ, ಇಡೀ ಮೈಯನ್ನು ಅವಳ ಮೇಲೆ ವಾಲಿಸಿದ. ಅವಳು ಪಕ್ಕಕ್ಕೆ ಬೀಳುವಂತಾಗಿ, ಒಂದು ಕಾಲನ್ನು ಮಡಿಸಿಕೊಂಡು, ಬೆರಳುಗಳೆಲ್ಲ ಮರಳಲ್ಲಿ ಹೂತುಹೋಗುವಂತೆ ಬಲಗೈಯನ್ನು ನೆಲಕ್ಕೆ ಊರಿದಳು.