ಕುದ್ರುವಿನ ಮೆಟ್ಟುಕಲ್ಲು

ಕುದ್ರುವಿಗೆ ದೋಣಿಯಲ್ಲಿ ಹೋದವರು ಮೊದಲು ಕಾಲಿಡುತ್ತಿದ್ದದ್ದು ಒಂದು ಕಪ್ಪು ಕಲ್ಲಿನ ಮೇಲೆ. ಚೌಕದ ದಪ್ಪ ಕಲ್ಲು; ಅರ್ಧ ಕೆಸರಿನಲ್ಲಿ ಹೂತಿತ್ತು. ಹೊಳೆಯಲ್ಲಿ ಉಬ್ಬರವಿರುವಾಗ ಅದರ ಮೇಲೆ ಧುಮುಕಿದರೆ ಕಲ್ಲು ತುಸು ಅಲುಗಿ, ಅಡಿಯಿಂದ 'ಗುಳುಂ' ಎಂದು ಒಂದು ಸದ್ದು ಬರುತ್ತಿತ್ತು. ಯಾರೋ ಆಡಬೇಕಾದ ಮಾತನ್ನು ನುಂಗಿಕೊಂಡ ಹಾಗೆ. ಚಿಕ್ಕವಳಿದ್ದಾಗ ನಾನು ಆ ಸದ್ದಿಗಾಗಿಯೇ ಎರಡೆರಡು ಸಲ ಧುಮುಕುತ್ತಿದ್ದೆ.

ನಮ್ಮೂರಿನ ಹೊಳೆ ಸಮುದ್ರ ಸೇರುವ ಮೊದಲು ಎರಡು ಕವಲಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಆ ಕವಲುಗಳ ನಡುವೆ ಉಳಿದ ನೆಲವೇ ಕುದ್ರು. ತೆಂಗಿನ ಮರಗಳು, ಒಂದು ಮುದಿ ಹೊನ್ನೆ ಮರ, ಅದರ ಬುಡದಲ್ಲಿ ಹಂಚು ಹೊದಿಸಿದ ಪುಟ್ಟ ದೈವದ ಗುಡಿ. ಮನೆ ಇರಲಿಲ್ಲ, ಬೇಲಿ ಇರಲಿಲ್ಲ. ಊರಿನ ಯಾವ ಗಲಾಟೆಯೂ ನೀರು ದಾಟಿ ಅಲ್ಲಿಗೆ ಬರುತ್ತಿರಲಿಲ್ಲ. ಹೊನ್ನೆ ಮರದ ಬೇರಿನ ಮೇಲೆ ಕುಳಿತರೆ ಕಾಯಿ ಉದುರುವ ಸದ್ದು, ಅದಾದ ಮೇಲೆ ಇನ್ನಷ್ಟು ಮೌನ. ಆ ಮೌನದ ರುಚಿ ನನಗೆ ಅಲ್ಲಿಯೇ ಹತ್ತಿದ್ದು. ಬೇರೆ ಮಕ್ಕಳು ರಜೆಗೆ ಅಜ್ಜಿಮನೆಗೆ ಹೋಗುತ್ತಿದ್ದರು. ನಾನು ಕುದ್ರುವಿಗೆ ಹೋಗುತ್ತಿದ್ದೆ. ನನಗೆ ಅಜ್ಜಿ ಇರಲಿಲ್ಲ. ನಾನು ಹುಟ್ಟುವ ಮೊದಲೇ ತೀರಿಕೊಂಡವರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಅಪ್ಪನೂ ಬೇಗ ಹೋಗಿದ್ದರಿಂದ ನಾನೂ ಅಮ್ಮನೂ ಅಮ್ಮನ ಅಣ್ಣ ತ್ಯಾಂಪಣ್ಣನ ಮನೆಯಲ್ಲಿದ್ದೆವು. ಮನೆತನದ ಯಜಮಾನಿಕೆ ಮಾವನದು. ನಮ್ಮ ಕುಟುಂಬದಲ್ಲಿ ನೆಲ ಬರುವುದು ಹೆಣ್ಣಿನ ಕಡೆಯಿಂದ. ಯಾವ ಹೆಣ್ಣು ಎಲ್ಲಿ ಒಲೆ ಹೂಡಿ ಸಂಸಾರ ಮಾಡುತ್ತಾಳೋ ಆ ತುಂಡು ಅವಳಿಗೆ, ಅವಳ ಮಕ್ಕಳಿಗೆ. ಒಲೆ ಇಲ್ಲದ ನೆಲವೆಲ್ಲ ಯಜಮಾನನ ಕೈಯಲ್ಲಿ. ಇದು ಯಾರೂ ಬರೆದಿಟ್ಟದ್ದಲ್ಲ, ಎಲ್ಲರೂ ಬಲ್ಲದ್ದು. ಚಿಕ್ಕವಳಾದ ನನಗೆ ಅದರ ಗೊಡವೆ ಇರಲಿಲ್ಲ. ಕಾಯಿ ಕೀಳಿಸಲು ಹೊರಟ ಮಾವನ ದೋಣಿಯಲ್ಲಿ ಅಮ್ಮ ನನ್ನನ್ನು ಹಟ ಹಿಡಿದು ಹತ್ತಿಸುತ್ತಿದ್ದಳು. ತಾನು ಮಾತ್ರ ದಡದಲ್ಲೇ ನಿಲ್ಲುತ್ತಿದ್ದಳು.

ಸಂಜೆ ನಾನು ಮರಳಿದಾಗ ಅವಳು ಕೇಳುತ್ತಿದ್ದದ್ದು ಒಂದೇ ಮಾತು.

"ಮೆಟ್ಟುಕಲ್ಲು ಉಂಟಾ?"

"ಉಂಟಮ್ಮ."

"ಮಾತಾಡಿತಾ?"

"ಗುಳುಂ ಅಂತು."

"ಹ್ಞೂಂ" ಎಂದು ಅಮ್ಮ ಒಲೆಯ ಕಡೆ ತಿರುಗುತ್ತಿದ್ದಳು. ಮಕ್ಕಳ ಜೊತೆ ಆಡುವ ಆಟ ಅದು ಎಂದುಕೊಂಡಿದ್ದೆ.

ನಾನು ದೊಡ್ಡವಳಾದೆ. ಅದರ ಮಾರನೆಯ ವಾರವೇ ಕಾಯಿ ಕೀಳುವ ದೋಣಿ ಹೊರಟಿತ್ತು. ನಾನು ಎಂದಿನಂತೆ ಲಂಗ ಎತ್ತಿಕಟ್ಟಿ ಓಡಿದೆ. ಮಾವ ದೋಣಿಯಿಂದಲೇ ಕೈ ಅಡ್ಡ ಹಿಡಿದರು.

"ಇನ್ನು ನೀನು ಹೊಳೆ ದಾಟುದು ಬೇಡ. ಹೆಂಗಸರು ಕುದ್ರುವಿಗೆ ಕಾಲಿಡಬಾರದು. ದೈವಕ್ಕೆ ಆಗುದಿಲ್ಲ."

"ಹೋದ ತಿಂಗಳು ಆಗ್ತಿತ್ತಲ್ಲ ಮಾವ?"

ದೋಣಿಯಲ್ಲಿದ್ದ ಗಂಡಸರು ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಒಂದು ಮಾತಾಡಲಿಲ್ಲ. ನನ್ನ ಮೈ ನನಗೇ ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಇಡೀ ಒಂದು ನೆಲವನ್ನು ನನ್ನಿಂದ ಕಿತ್ತುಕೊಂಡರು. ದೈವದ ಮೇಲೆ ನನಗೆ ಆಗ ಬಂದ ಸಿಟ್ಟನ್ನು ನೆನೆದರೆ ಈಗ ಪಾಪ ಅನ್ನಿಸುತ್ತದೆ. ದೈವಕ್ಕೂ ಇದಕ್ಕೂ ಏನೇನೂ ಸಂಬಂಧವಿರಲಿಲ್ಲ.

ವರ್ಷಕ್ಕೊಮ್ಮೆ ಆ ದೈವಕ್ಕೆ ಸೇವೆ. ಹಿಂದಿನ ದಿನದಿಂದಲೇ ಮನೆಯ ಹೆಂಗಸರೆಲ್ಲ ಕಾಯಿ ತುರಿದು, ರುಬ್ಬುವ ಕಲ್ಲಿನಲ್ಲಿ ಮಸಾಲೆ ಕಡೆದು, ಕಡಾಯಿಗಟ್ಟಲೆ ಬೇಯಿಸಿ ದೋಣಿಗೆ ಹೊರಿಸಬೇಕು. ಹೆಂಗಸರ ಕೈಯ ಅಡುಗೆ ಕುದ್ರುವಿಗೆ ಆಗುತ್ತಿತ್ತು, ಕಾಲು ಮಾತ್ರ ಆಗುತ್ತಿರಲಿಲ್ಲ. ನಾವು ಈಚೆ ದಡದಲ್ಲಿ ಕಡೆಯುತ್ತಿದ್ದೆವು, ಅವರು ಆಚೆ ದಡದಲ್ಲಿ ಉಣ್ಣುತ್ತಿದ್ದರು. ಸಂಜೆ ಖಾಲಿ ಪಾತ್ರೆಗಳು ತೊಳೆಯುವುದಕ್ಕೆ ನಮ್ಮಲ್ಲಿಗೇ ಬರುತ್ತಿದ್ದವು.

ಪರವೂರಿನಲ್ಲಿ ಓದಿ ಪದವಿ ಪಡೆದು ಬಂದೆ. ಓದಿನ ದಿನಗಳಲ್ಲಿ ಗೆಳತಿಯರು ಬೆಟ್ಟ, ಜಲಪಾತ ಎಂದು ಕರೆಯುತ್ತಿದ್ದರು, ಹೋಗಿಯೂ ಬಂದೆ. ಎಲ್ಲಿ ಕುಳಿತರೂ ಹೊನ್ನೆ ಮರದ ಬೇರು ನೆನಪಾಗುತ್ತಿತ್ತು. ಊರಿಗೆ ಮರಳಿದ ಮೇಲೆ ಸಂಜೆಯ ಹೊತ್ತು ದೋಣಿಗಟ್ಟೆಯ ಮೇಲೆ ಕುಳಿತು ಕುದ್ರುವನ್ನೇ ನೋಡುತ್ತಿದ್ದೆ. "ಓದಿ ಓದಿ ಹುಡುಗಿಗೆ ಮಾತೇ ಕಟ್ಟಿಹೋಯ್ತು" ಎಂದು ಊರವರು ಆಡಿಕೊಂಡರು. ಮಾತು ನನಗೆ ಬೇಕಾಗಿಯೂ ಇರಲಿಲ್ಲ. ಅಮ್ಮನ ಮೌನ ಮತ್ತು ಕುದ್ರುವಿನ ಮೌನ ಒಂದೇ ಜಾತಿಯವು ಅನ್ನಿಸುತ್ತಿತ್ತು; ಎರಡನ್ನೂ ದೊಡ್ಡ ಗುಣವೆಂದು ಪ್ರೀತಿಸಿದ್ದೆ.

ಆ ಸಲದ ಮಳೆಗೆ ಹೊಳೆ ದಡ ಮೀರಿ ಹರಿಯಿತು. ನೆರೆ ಇಳಿದು, ಸೇವೆಯ ದಿನ ಹತ್ತಿರ ಬಂದಾಗ ಮಾವ ಮಂಡಿನೋವಿನಿಂದ ಮಲಗಿದ್ದರು. ಒಂದು ಬೆಳಿಗ್ಗೆ ದೋಣಿ ನಡೆಸುವ ನಾರ್ಣ ಮರಕಾಲ ಇಬ್ಬರು ಆಳುಗಳನ್ನು ಕೂರಿಸಿಕೊಂಡು ಹೊರಟಿದ್ದ. ದೋಣಿಯಲ್ಲಿ ಎರಡು ಹಾರೆ ಕಂಡವು.

"ಎಂತ ನಾರ್ಣಣ್ಣ, ಹಾರೆ ಹಿಡ್ಕೊಂಡು ಮೀನು ಹೊಡೀಲಿಕ್ಕಾ?"

"ಮೀನಲ್ಲ ಮಾರಾಯ್ರೆ, ಕಲ್ಲು" ಎಂದ ಅವನು. "ನೆರೆಗೆ ಮೆಟ್ಟುಕಲ್ಲು ಮಗುಚಿ ಬಿದ್ದಿದೆ. ಮೊದಲಿದ್ದ ಹಾಗೇ ಬೋರಲು ಹಾಕಿ ಬರ್ಬೇಕಂತೆ. ಇವತ್ತೇ. ಸೇವೆಗೆ ಬರುವವರು ನೋಡುವ ಮೊದಲೇ ಆಗ್ಬೇಕಂತೆ."

"ಕಲ್ಲನ್ನು ಯಾರಾದರೂ ನೋಡಿದರೆ ಎಂತ ಆಗ್ತದೆ?"

ನಾರ್ಣ ಹುಟ್ಟನ್ನು ನೋಡಿದ, ನೀರನ್ನು ನೋಡಿದ. ನನ್ನ ಮುಖ ನೋಡಲಿಲ್ಲ. ಅಷ್ಟು ಸಾಕಾಯಿತು. ನಾನು ದೋಣಿಗೆ ಹತ್ತಿ ಕುಳಿತೆ.

"ಅಯ್ಯಯ್ಯೋ, ಇಳೀರಿ! ದೈವ ಮುನಿದರೆ?"

"ಮುನಿದರೆ ನನ್ನ ಮೇಲೆ."

"ನಿಮ್ಮ ಮಾವ ಮುನಿದರೆ?"

"ಅದೂ ನನ್ನ ಮೇಲೆ. ನೀನು ಹುಟ್ಟು ಹಾಕು."

"ನಾನು ಸತ್ತೆ" ಎಂದ ನಾರ್ಣ. ಆದರೆ ಹುಟ್ಟು ಹಾಕಿದ.

ಕಲ್ಲು ದಡದಲ್ಲೇ ಮಗುಚಿಕೊಂಡು ಬಿದ್ದಿತ್ತು. ಇಷ್ಟು ಕಾಲ ಕೆಸರಿನೊಳಗಿದ್ದ ಮುಖ ಆಕಾಶಕ್ಕಿತ್ತು. ಆ ಮುಖದ ನಡುವೆ ಒಂದು ಗುಳಿ. ದುಂಡಗೆ, ಆಳವಾಗಿ, ಮಗುವಿನ ಕೆನ್ನೆಯಷ್ಟು ನುಣುಪಾಗಿ ಸವೆದ ಗುಳಿ. ಅದರಲ್ಲಿ ನೆರೆಯ ನೀರು ನಿಂತಿತ್ತು. ನಾನು ಮೊಣಕಾಲೂರಿ ಕೈಯಿಳಿಸಿದೆ. ನಮ್ಮ ಅಡುಗೆಮನೆಯಲ್ಲಿ ನಾನು ದಿನಾ ತೊಳೆಯುವ ಗುಳಿ ಅದು. ಅದೇ ಅಳತೆ, ಅದೇ ಬಾಗು. ನಾವೆಲ್ಲ ಇಷ್ಟು ವರ್ಷ ಕಾಲಿಟ್ಟು ಇಳಿದದ್ದು ಬೋರಲು ಹಾಕಿದ ಒಂದು ಕಡೆಯುವ ಕಲ್ಲಿನ ಮೇಲೆ. ಆ ಗುಳುಂ ಸದ್ದು ಅದರ ಬಾಯಿಯದು.

ಹೆಂಗಸರು ಕಾಲಿಡಬಾರದ ನೆಲದಲ್ಲಿ ಕಡೆಯುವ ಕಲ್ಲಿಗೆ ಏನು ಕೆಲಸ? ಅಷ್ಟು ನುಣುಪಾಗಬೇಕಾದರೆ ಎಷ್ಟು ಬೆಳಗು ಯಾವ ಕೈ ಅಲ್ಲಿ ತಿರುಗಿರಬೇಕು?

ಆಳುಗಳು ಹಾರೆ ಹಿಡಿದು ಬಂದರು. "ಯಾರಾದರೂ ಇದನ್ನು ಮುಟ್ಟಿದರೆ ನಾನು ಇದರ ಮೇಲೇ ಕೂತೇನು" ಎಂದೆ. ಅವರು ನಾರ್ಣನ ಮುಖ ನೋಡಿದರು. ನಾರ್ಣ, "ಕಲ್ಲು ತುಂಬಾ ಭಾರ ಉಂಟು, ಏಳಲಿಲ್ಲ ಅಂತ ಹೇಳುವ" ಎಂದು ದೋಣಿಗೆ ನಡೆದ.

ಮನೆಗೆ ಬಂದಾಗ ಅಮ್ಮ ಒಲೆ ಊದುತ್ತಿದ್ದಳು. ನನ್ನ ಸೀರೆಯ ಅಂಚಿನ ಕೆಸರನ್ನು ನೋಡಿ ಊದುಗೊಳವೆ ಕೆಳಗಿಟ್ಟಳು. ಆಮೇಲೆ ಎಷ್ಟೋ ವರ್ಷಗಳಿಂದ ಕೇಳದ ಮಾತನ್ನು ಕೇಳಿದಳು.

"ಮೆಟ್ಟುಕಲ್ಲು ಉಂಟಾ?"

"ಉಂಟು. ಬಾಯಿ ಮೇಲಾಗಿ ಉಂಟು."

ಅಮ್ಮ ಗೋಡೆಗೆ ಒರಗಿದಳು. ಅವಳು ಹೇಳಿದ್ದು ಹೆಚ್ಚೇನಲ್ಲ. ಕುದ್ರುವಿನಲ್ಲಿ ಮನೆ ಇತ್ತು. ಅಜ್ಜಿ ಹೊಸ ಯಜಮಾನನಾದ ತನ್ನ ಮಗನೊಡನೆ ಜಗಳಾಡಿ, ಚಿಕ್ಕವಳಾದ ಅಮ್ಮನನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ಒಲೆ ಹೂಡಿದ್ದಳು. ಸಾಯುವವರೆಗೂ ಅಲ್ಲಿಯೇ ಇದ್ದಳು. ಅವಳು ತೀರಿದ ಮೇಲೆ ಮಾವ ಮನೆ ಕೆಡವಿಸಿದರು. ಹಂಚು ಗುಡಿಗಾಯಿತು, ಒಲೆಯ ಕಲ್ಲು ಹೊಳೆಗಾಯಿತು. ಕಡೆಯುವ ಕಲ್ಲನ್ನು ಎತ್ತಿಹಾಕಲು ಆಗದೆ ಬೋರಲು ಮಾಡಿ ಮೆಟ್ಟಿಲಾಗಿಸಿದರು. ಆಮೇಲೆ ದೈವದ ಹೆಸರಿನಲ್ಲಿ ಕಟ್ಟಳೆ ಹೊರಡಿಸಿದರು. ಹೆಂಗಸು ಹೊಳೆ ದಾಟದಿದ್ದರೆ ಒಲೆ ಹೂಡುವವರು ಯಾರು? ಒಲೆ ಇಲ್ಲದಿದ್ದರೆ ಕುದ್ರು ಯಜಮಾನನದೇ. ಪುಟ್ಟ ಹುಡುಗಿ ಮಾತ್ರ ಬರಬಹುದು. ಅವಳು ಒಲೆ ಹೂಡುವುದಿಲ್ಲವಲ್ಲ.

"ಗೊತ್ತಿದ್ದೂ ಬಾಯಿ ಮುಚ್ಚಿ ಕೂತೆಯಾ?" ನಾನು ಕಿರುಚಿದೆ. "ದೋಣಿಯಲ್ಲಿ ಅವರೆಲ್ಲ ನಕ್ಕಾಗ ಪಕ್ಕದಲ್ಲೇ ನಿಂತಿದ್ದೆಯಲ್ಲ!"

"ಅನ್ನ ಹಾಕುವವ ಅವ. ನಿನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲಿಗೆ ಹೋಗ್ಲಿ?" ಎಂದಳು ಅಮ್ಮ. ಊದುಗೊಳವೆ ಮತ್ತೆ ಕೈಗೆತ್ತಿಕೊಂಡು, "ಹಟ ಮಾಡಿ ನಿನ್ನನ್ನು ದೋಣಿ ಹತ್ತಿಸ್ತಿದ್ದೆ. ಯಾಕೆ ಅಂತ ನೀನಾದರೂ ಒಂದು ದಿನ ಕೇಳಿದ್ದುಂಟಾ?" ಎಂದಳು.

ನನ್ನ ಸಿಟ್ಟು ಇಳಿಯಲಿಲ್ಲ. ನಾನು ಪ್ರೀತಿಸಿದ ಮೌನದ ಅಡಿಯಲ್ಲಿ ಒಂದು ಬಾಯಿ ಕೆಸರು ಕಚ್ಚಿಕೊಂಡಿತ್ತು. ಅದರ ಮೇಲೆ ಕುಳಿತು ನಾನು ಶಾಂತಿ ಅನುಭವಿಸಿದ್ದೆ.

ಮಾವನ ಕೋಣೆಗೆ ಹೋದೆ. ಮಂಡಿಗೆ ಎಣ್ಣೆಬಟ್ಟೆ ಸುತ್ತಿಕೊಂಡು ಕುಳಿತಿದ್ದರು. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

"ಪದವಿ ಮಾಡಿದವರಿಗೆ ದೈವದ ಹೆದರಿಕೆ ಇಲ್ಲ ಅಂತಾಯ್ತು."

"ಹೆಂಗಸರು ಆಗುದಿಲ್ಲ ಅಂತ ದೈವ ಯಾವಾಗ ಹೇಳಿತು ಮಾವ?"

"ನನ್ನ ಬಾಯಲ್ಲಿ ಹೇಳಿಸಿತು."

"ಹೌದು. ನಿಮ್ಮ ಬಾಯಲ್ಲೇ."

ಅವರ ಮುಖ ಕೆಂಪಾಯಿತು. "ನಾಲಿಗೆ ಉದ್ದ ಆಯ್ತು. ಯಾವ ಕಾಯಿ ಮಾರಿ ನಿನ್ನನ್ನು ಓದಿಸಿದ್ದು ಅಂತ ಗೊತ್ತುಂಟಾ?"

"ಗೊತ್ತುಂಟು. ಅಜ್ಜಿಯ ಕಾಯಿ."

ಮಾವ ಮಂಡಿಯ ಎಣ್ಣೆಬಟ್ಟೆಯನ್ನು ಬಿಗಿದುಕೊಂಡರು. ತಾಯಿಯ ಹೆಸರನ್ನು ಆ ಮನೆಯಲ್ಲಿ ಬೇರೆಯವರ ಬಾಯಿಂದ ಕೇಳಿ ಅವರಿಗೆ ಎಷ್ಟು ಕಾಲವಾಗಿತ್ತೋ. ಅವರ ಕಣ್ಣಿನಲ್ಲಿ ನಾಚಿಕೆಯೇನಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಸಿಕ್ಕಿಬಿದ್ದವನ ಬೇಸರ ಮಾತ್ರ ಇತ್ತು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವುದು ದೊಡ್ಡ ಗುಣ ಎಂದು ಹೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೇನೆ: ಕೇಳದವರಿಗೆ ಏನನ್ನು ಕೊಡಲಿ?

ಸೇವೆಯ ಹಿಂದಿನ ದಿನ ನಮ್ಮ ಅಡುಗೆಮನೆಯಲ್ಲಿ ಯಾರೂ ಮಸಾಲೆ ಕಡೆಯಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮ ಹಿತ್ತಿಲ ಬಾಗಿಲ ಹತ್ತಿರ ಹೋಗಿ ಬಗ್ಗಿದಳು. ಗಾಳಿಗೆ ಬಾಗಿಲು ಹೊಡೆದುಕೊಳ್ಳದ ಹಾಗೆ ಅಲ್ಲಿ ಒಂದು ಗುಂಡುಕಲ್ಲು ಆನಿಸಿಟ್ಟಿರುತ್ತಿದ್ದರು. ಮನೆಯ ಯಾವ ಕಡೆಯುವ ಕಲ್ಲಿನ ಗುಳಿಗೂ ಹೊಂದದ ಒಂಟಿ ಗುಂಡುಕಲ್ಲು. ನಾಮಕರಣದ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕಲಷ್ಟೇ ಅದನ್ನು ತೊಳೆಯುತ್ತಿದ್ದರು. ನನ್ನ ತೊಟ್ಟಿಲಿಗೂ ಅದನ್ನೇ ಹಾಕಿದ್ದರಂತೆ. ಅಮ್ಮ ಅದನ್ನು ಸೆರಗಿನಲ್ಲಿ ಕಟ್ಟಿ ಸೊಂಟಕ್ಕೇರಿಸಿದಳು, ಮಗುವನ್ನು ಎತ್ತಿಕೊಂಡ ಹಾಗೆ.

"ಬಾ" ಎಂದಳು.

ಜಗಲಿ ದಾಟುವಾಗ ಅತ್ತೆ, ಮಾವನ ಹೆಂಡತಿ, ಅಡ್ಡ ಬಂದಳು. ತಡೆಯುತ್ತಾಳೆ ಎಂದುಕೊಂಡೆ. ಅವಳು ಕಾಯಿ ತುರಿಯುವ ತನ್ನ ಹೆರೆಮಣೆಯನ್ನು ನನ್ನ ಕೈಗಿಟ್ಟು, "ಹಲ್ಲು ಹರಿತ ಉಂಟು, ಬೆರಳು ಜಾಗ್ರತೆ" ಎಂದು ಒಳಗೆ ಹೋದಳು.

ನಾರ್ಣನ ದೋಣಿ ಹೊಳೆ ದಾಟುವಷ್ಟು ಹೊತ್ತೂ ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಕುದ್ರುವಿನಲ್ಲಿ ಇಳಿದವಳು ಕಲ್ಲಿನ ಗುಳಿಯನ್ನು ಹೊಳೆಯ ನೀರಿನಿಂದ ಉಜ್ಜಿ ಉಜ್ಜಿ ತೊಳೆದಳು. ಹೊನ್ನೆ ಮರದಡಿಗೆ ಎಳೆಸೋಣವೇ ಎಂದು ನಾರ್ಣ ಕೇಳಿದ.

"ಬೇಡ. ಇಲ್ಲೇ ಇರ್ಲಿ. ಇಳಿಯುವವರೆಲ್ಲ ನೋಡ್ಲಿ."

ಗುಂಡುಕಲ್ಲನ್ನು ಗುಳಿಗಿಳಿಸಿದಳು. ಅದು ಸದ್ದಿಲ್ಲದೆ ಕುಳಿತುಕೊಂಡಿತು. ನಾನು ಮೂರು ಕಲ್ಲಿಟ್ಟು ಒಲೆ ಹೂಡಿ, ತೆಂಗಿನ ಗರಿಗೆ ಬೆಂಕಿ ಹಚ್ಚಿದೆ.

ಸ್ವಲ್ಪ ಹೊತ್ತಿಗೆ ಮನೆತನದ ಗಂಡಸರ ದೋಣಿ ಬಂತು. ಬಿಳಿ ಪಂಚೆಯುಟ್ಟು ಮಡಿಯಲ್ಲಿದ್ದವರು. ಕಾಲಿಡುವ ಕಲ್ಲಿನ ಮೇಲೆ ತೆಂಗಿನತುರಿ ತಿರುಗುತ್ತಿತ್ತು. ಅವರು ದೋಣಿಯಲ್ಲೇ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮ ತಲೆಯೆತ್ತದೆ, "ಕೆಸರಿಗೆ ಇಳೀರಿ. ದೈವಕ್ಕೆ ಕೆಸರು ಆಗ್ತದೆ" ಎಂದಳು. ನಾರ್ಣ ಹೊಳೆಯ ಕಡೆ ತಿರುಗಿ ನಕ್ಕದ್ದು ನನಗೆ ಕಾಣಿಸಿತು. ಒಬ್ಬೊಬ್ಬರಾಗಿ ಪಂಚೆ ಎತ್ತಿಕೊಂಡು ಮೊಣಕಾಲವರೆಗೆ ಕೆಸರಿಗೆ ಇಳಿದರು. ದೈವ ಮುನಿಯಲಿಲ್ಲ. ಊಟ ಎಲ್ಲರಿಗೂ ರುಚಿಸಿತು, ಹಾಗೆಂದು ಯಾರೂ ಹೇಳಲಿಲ್ಲ.

ಈಗ ಅಮ್ಮ ಇಲ್ಲ. ಕುದ್ರುವಿನಲ್ಲಿ ನನ್ನದೊಂದು ಪುಟ್ಟ ಮನೆ ಇದೆ. ಬಂದ ನೆಂಟರು, "ಎಂಥ ಪ್ರಶಾಂತ ಜಾಗ, ಪುಣ್ಯ ಮಾಡಿದ್ದೀರಿ" ಎನ್ನುತ್ತಾರೆ. ನಾನು ಅವರನ್ನು ದಡಕ್ಕೆ ಕರೆದೊಯ್ದು ಕಲ್ಲನ್ನು ತೋರಿಸುತ್ತೇನೆ. ಅಮ್ಮ ಅಲ್ಲಿ ಕಡೆಯಬಹುದಾಗಿದ್ದ, ಕಡೆಯದೇ ಹೋದ ಬೆಳಗುಗಳು ನನ್ನ ಎದೆಯಲ್ಲಿ ಇನ್ನೂ ಕೆಂಡದ ಹಾಗಿವೆ. ಕುದ್ರುವಿನ ಯಾವ ಗಾಳಿಗೂ ಆ ಕೆಂಡ ಆರಿಲ್ಲ.

ಆ ಮೊದಲ ದಿನ ಕೆಲಸವೆಲ್ಲ ಮುಗಿದ ಮೇಲೆ ಅಮ್ಮ ಕಲ್ಲು ತೊಳೆದಳು. ಆಚೆ ದಡದಲ್ಲಿ ಮಾವ ಕುರ್ಚಿ ಹಾಕಿಸಿಕೊಂಡು ನಮ್ಮ ಒಲೆಯ ಹೊಗೆಯನ್ನೇ ನೋಡುತ್ತ ಕುಳಿತಿದ್ದರು. ಉಬ್ಬರ ಏರುತ್ತಿತ್ತು. ಗುಳಿಯಿಂದ ಚೆಲ್ಲಿದ, ತೆಂಗಿನ ಹಾಲು ಬೆರೆತ ನೀರು ಬೆಳ್ಳಗೆ ಒಂದು ಗೆರೆಯಾಗಿ ಹೊಳೆಗಿಳಿಯಿತು; ಹರಡದೆ, ಕದಡದೆ, ನಿಧಾನವಾಗಿ ಆಚೆ ದಡದ ಕಡೆಗೆ, ಆ ಕುರ್ಚಿಯ ಕಡೆಗೆ ಸಾಗಿತು.